ಬೇಸಿಗೆಯ ಮಂಕು ಬಿಡಿಸಿದ ಮಹನೀಯರು

ಬೇಸಿಗೆಯಲ್ಲಿ ನನ್ನ ಮನಸ್ಸು ಮಂಕಾಗುವುದು ಒಂದು ಕಾಯಿಲೆಯಾದರೆ, ಅದನ್ನು ವಾಸಿ ಮಾಡಲು ಹೊರಟವರು ಇನ್ನೊಂದು ಕಾಯಿಲೆ. ಮೊದಲನೆಯದು ನಾಲ್ಕು ಹನಿ ಮಳೆ ಬಿದ್ದರೆ ತಾನಾಗಿ ಹೋಗುತ್ತಿತ್ತು. ಎರಡನೆಯದು ಕಾಫಿ ಕೊಟ್ಟರೂ ಎದ್ದು ಹೋಗುತ್ತಿರಲಿಲ್ಲ. ಇಂಥದ್ದು ವರ್ಷವರ್ಷವೂ ನಡೆಯುತ್ತಿತ್ತು. ಒಂದು ವರ್ಷದ್ದನ್ನಷ್ಟೇ ಹೇಳುತ್ತೇನೆ.

ಅರವತ್ತರ ದಶಕದ ಮಾತು. ನಾನು ಸಾಗರದ ಶಾಲೆಯೊಂದರಲ್ಲಿ ಟೀಚರು. ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದೆ. ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಂತೆಂದರೆ ಮಕ್ಕಳ ಗಲಾಟೆ ನಿಂತು, ಸೆಕೆ ಏರಿ, ಬೆಳಿಗ್ಗೆ ಏಳುವುದಕ್ಕೇ ಮನಸ್ಸಾಗುತ್ತಿರಲಿಲ್ಲ. ಸುಮ್ಮಸುಮ್ಮನೆ ಅಳು ಬರುತ್ತಿತ್ತು. ತೀರ್ಥಹಳ್ಳಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಅಣ್ಣನಿಗೆ ಮಾತ್ರ ಇದು ತಿಳಿಯಬಾರದಿತ್ತು. "ಒಬ್ಳೇ ಇದ್ದು ಮಂಕು ಹಿಡೀತು ಅಂತ ಕಿವಿಗೆ ಬಿದ್ರೆ, ಅವತ್ತೇ ಕೆಲಸ ಬಿಡ್ಸಿ ಕರ್ಕೊಂಡು ಬರ್ತೀನಿ" ಎಂದು ಮೊದಲೇ ಹೇಳಿದ್ದ. ನನಗೋ, ಇದ್ದದ್ದು ಆ ಕೆಲಸವೊಂದೇ ಆಸರೆ.

ಹಪ್ಪಳದ ಚಿಕಿತ್ಸೆ

ಮೊದಲು ಪತ್ತೆ ಹಚ್ಚಿದವರು ಮನೆಯ ಯಜಮಾನಿ.

"ಎಂತ ಅಕ್ಕೋರೇ, ಮುಖ ಹಿಂಗಾಗಿದೆ? ಕೈ ಖಾಲಿ ಇದ್ರೆ ಮನಸ್ಸು ಕೆಡ್ತದೆ. ಬನ್ನಿ ಹಿತ್ತಲಿಗೆ."

ಹಿತ್ತಲಲ್ಲಿ ಹಲಸಿನಕಾಯಿ ರಾಶಿ ಬಿದ್ದಿತ್ತು. ತೊಳೆ ಬಿಡಿಸು, ಬೇಯಿಸು, ಕುಟ್ಟು, ಉಂಡೆ ಕಟ್ಟು, ಒತ್ತು, ಚಾಪೆಯ ಮೇಲೆ ಹರವು, ಕಾಗೆ ಓಡಿಸು. ಅವರ ಮನೆಯ ಹಪ್ಪಳ ಮುಗಿದ ಮೇಲೆ ಅವರ ತಂಗಿಯ ಮನೆಯ ಹಪ್ಪಳ ಶುರುವಾಯಿತು. ಔಷಧಿ ಕುಡಿದವಳು ನಾನು, ಮೈ ತುಂಬಿಕೊಂಡದ್ದು ಅವರ ಡಬ್ಬಿಗಳು. ಕೈಗೆಲ್ಲ ಮೇಣ ಮೆತ್ತಿಕೊಂಡು ಕೂತಿದ್ದಾಗ ಕೇಳಿದರು.

"ಈಗ ಬೇಜಾರು ಹೋಯ್ತಾ?"

"ಇಲ್ಲ" ಎಂದೆ. ನಿಜ ಹೇಳಿದ್ದು ತಪ್ಪಾಯಿತು.

"ಹಂಗಾದ್ರೆ ಇನ್ನೊಂದು ಮರದ್ದೂ ಕೊಯ್ಸ್ತೀನಿ ತಡೀರಿ!"

ನಗುವ ಪಥ್ಯ

ಯಜಮಾನಿಯ ಕೈಯಿಂದ ನನ್ನನ್ನು ಬಿಡಿಸಿಕೊಂಡು ಹೋದವಳು ಶಾಲೆಯ ಗೆಳತಿ. ಹೊಸನಗರದಲ್ಲಿ ಒಬ್ಬ ಪಂಡಿತರಿದ್ದಾರೆ, ನಾಡಿ ಹಿಡಿದರೆ ಸಾಕು, ಎಲ್ಲ ಹೇಳುತ್ತಾರೆ ಎಂದಳು. ಬಸ್ಸಿನ ಧೂಳು ಕುಡಿದುಕೊಂಡು ಹೋದೆವು.

ಪಂಡಿತರು ನಾಡಿ ಹಿಡಿದು, "ಪಿತ್ತ" ಎಂದರು. ಖಾರ ಬೇಡ, ಹುಳಿ ಬೇಡ, ಕರಿದದ್ದು ಬೇಡ, ಕಾಫಿಯಂತೂ ಬೇಡವೇ ಬೇಡ. ಬದುಕಿನಲ್ಲಿ ಇನ್ನೇನು ಉಳಿಯಿತು ಎಂದು ನಾನು ಯೋಚಿಸುತ್ತಿದ್ದಾಗ, "ಮುಖ್ಯವಾದ್ದು, ಬೆಳಿಗ್ಗೆ ಎದ್ದ ಕೂಡ್ಲೇ ಬಾಯ್ತುಂಬ ನಗಬೇಕು" ಎಂದರು. ಹೇಳುವಾಗ ಅವರ ಮುಖ ತಾವು ಕೊಡುವ ಕಷಾಯವನ್ನು ತಾವೇ ಕುಡಿದವರ ಹಾಗಿತ್ತು.

ಒಳಗಿನಿಂದ ಅವರ ಹೆಂಡತಿಯ ದನಿ ಬಂತು: "ಹೌದೇನ್ರೀ? ಒಂದ್ಸಲ ನಕ್ಕು ತೋರ್ಸಿ ಮತ್ತೆ. ಮದುವೆಯಾದಾಗಿಂದ ಕಾಯ್ತಿದ್ದೀನಿ."

ಪಂಡಿತರು ನಗಲಿಲ್ಲ. "ಪಥ್ಯ ರೋಗಿಗೆ ಕಣೇ, ವೈದ್ಯನಿಗಲ್ಲ" ಎಂದರು.

ನಮ್ಮ ಕಾಲದಲ್ಲಿ

ಗೆಳತಿ ಈ ಸುದ್ದಿಯನ್ನು ಹೆಡ್‌ಮಿಸ್ಸಿಗೆ ಮುಟ್ಟಿಸಿದಳು. ಅವರು ನನ್ನ ಕೋಣೆಗೇ ಬಂದು ಕುರ್ಚಿ ಎಳೆದುಕೊಂಡು ಕೂತರು.

"ನಮ್ಮ ಕಾಲದಲ್ಲಿ ಬೇಜಾರು ಅನ್ನೋದೇ ಇರ್ಲಿಲ್ಲಮ್ಮ."

ಆಮೇಲೆ ಅತ್ತೆ ಕೊಟ್ಟ ಕಾಟ, ಗಂಡನ ಜಿಪುಣತನ, ಮೈದುನ ಕಸಿದುಕೊಂಡ ಗದ್ದೆ, ಮಂಡಿನೋವು ಎಲ್ಲವನ್ನೂ ಹೇಳಿ, ಮಧ್ಯಾಹ್ನವೆಲ್ಲ ಅತ್ತರು. ಸಮಾಧಾನ ಮಾಡಿ ಮಾಡಿ ನನಗೆ ಸಾಕಾಯಿತು. ಹೊರಡುವಾಗ ಸೆರಗಿನಿಂದ ಮುಖ ಒರೆಸಿಕೊಂಡು, "ನೋಡಿದ್ಯಾ, ಮಾತಾಡಿದ್ರೆ ಮನಸ್ಸು ಎಷ್ಟು ಹಗುರ ಆಗ್ತದೆ!" ಎಂದರು.

ಆ ಹಗುರ ಮನಸ್ಸಿನಲ್ಲೇ ತೀರ್ಥಹಳ್ಳಿಯ ಮದುವೆಯೊಂದಕ್ಕೆ ಹೋಗಿ, ಊಟದ ಪಂಕ್ತಿಯಲ್ಲಿ ನನ್ನ ಅಣ್ಣನನ್ನು ಹುಡುಕಿ, "ನಿಮ್ಮ ತಂಗಿ ಯಾಕೋ ಸರಿ ಇಲ್ಲ" ಎಂದು ಹೇಳಿ, ಹೋಳಿಗೆ ಉಂಡು ಬಂದರು.

ಅಣ್ಣ ಬಂದ

ಮರುದಿನವೇ ಅಣ್ಣ ಬಾಗಿಲಲ್ಲಿ ನಿಂತಿದ್ದ.

"ಟ್ರಂಕು ಕಟ್ಟು. ಮಧ್ಯಾಹ್ನದ ಬಸ್ಸಿಗೆ ಹೊರಡೋದು. ಕೆಲಸ ಗಿಲಸ ಎಲ್ಲ ಸಾಕು."

ನನಗೆ ಎದೆಯೇ ಒಡೆಯಿತು. ಅಳುತ್ತ ಬೇಡಿಕೊಂಡೆ. ಅವನು ಕೇಳಲಿಲ್ಲ. ಹೇಗೂ ಊಟ ಮಾಡಿ ಹೋಗೋಣವೆಂದು ಬಡಿಸಿದೆ. ಯಜಮಾನಿ ಒಂದು ತಂಬಿಗೆ ಅಪ್ಪೆಹುಳಿ ಕೊಟ್ಟಿದ್ದರು. ಮಾವಿನಕಾಯಿಯ ಆ ತಿಳಿಸಾರನ್ನು ಊಟದ ಕೊನೆಗೆ ಕುಡಿದರೆ ಎಂಥವರಿಗೂ ನಿದ್ದೆ ಎಳೆಯುತ್ತದೆ. ಅಣ್ಣ ಕುಡಿದ, ಇನ್ನಷ್ಟು ಹಾಕು ಎಂದ, ನಾನು ಹಾಕುತ್ತಲೇ ಹೋದೆ. ಅವನು ಜಗಲಿಯಲ್ಲಿ ಒರಗಿದ. ಬಸ್ಸು ತನ್ನ ಪಾಡಿಗೆ ಹೋಯಿತು.

ಮರುದಿನ ತಾನೇ ಕೇಳಿದ, "ಆ ಹುಳಿ ಇನ್ನೂ ಇದ್ಯಾ?" ಮತ್ತೆ ಬಸ್ಸು ತಪ್ಪಿತು. ಆಮೇಲೆ ಬಸ್ಸಿನ ಮಾತೇ ನಿಂತಿತು. ಹೊಟ್ಟೆನೋವು ಎಂದು ಕಚೇರಿಗೆ ಹೇಳಿಕಳಿಸಿದ. ಜಗಲಿಯಲ್ಲಿ ಸುಮ್ಮನೆ ಕೂತು ರಸ್ತೆ ನೋಡುವುದೇ ಅವನ ಕೆಲಸವಾಯಿತು. ನಾನು ಯಾಕೆ ಎಂದು ಕೇಳಲಿಲ್ಲ, ಉಪದೇಶವನ್ನೂ ಕೊಡಲಿಲ್ಲ. ಒಂದು ಸಂಜೆ ಅವನೇ ಬಾಯಿಬಿಟ್ಟ.

"ನಂಗೂ ಬೇಸಿಗೇಲಿ ಹಿಂಗೇ ಆಗ್ತದೆ ಮಾರಾಯ್ತಿ. ಅಲ್ಲಿ ಮನೆ ತುಂಬ ನೆಂಟ್ರು, ಹೇಳ್ಕೊಂಡ್ರೆ ಗಂಡಸಿಗೆಂತ ಬೇಜಾರು ಅಂತಾರೆ."

ಪಾಪ ಅನ್ನಿಸಿತು. ಆದರೂ ನಾಲಿಗೆ ಸುಮ್ಮನಿರಲಿಲ್ಲ. "ಹಂಗಾದ್ರೆ ನಿಂದೂ ಕೆಲಸ ಬಿಡ್ಸೋಣ್ವಾ ಅಣ್ಣಯ್ಯ?" ಎಂದೆ.

ಅವನು ಖಾಲಿ ಲೋಟವನ್ನು ಹುಳಿಗೆಂದು ನನ್ನ ಮುಂದೆ ಚಾಚಿದ. ಮೊದಲ ಮಳೆ ಬಿದ್ದ ಮೇಲೆ ಒಬ್ಬನೇ ಹೊರಟ. ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕಿ, ಬಂದ ದಿನದ ಅದೇ ಗಡಸು ದನಿಯಲ್ಲಿ ಗದರಿದ:

"ಕೆಲಸ ಬಿಡ್ತೀನಿ ಅಂತ ಎಲ್ಲಾದ್ರೂ ಹೊರಟೀಯ, ಜೋಕೆ! ಬರೋ ಬೇಸಿಗೇಲಿ ನಾನು ಎಲ್ಲಿಗೆ ಹೋಗ್ಲಿ?"