ಎರಡು ಬೆರಳು ಸೂರ್ಯ

ಸೂರ್ಯನ ಮೇಲೆ ನಮ್ಮ ಯಜಮಾನರಿಗಿರುವಷ್ಟು ನಿಗಾ ಹವಾಮಾನ ಇಲಾಖೆಯವರಿಗೂ ಇರಲಾರದು! ಮಧ್ಯಾಹ್ನ ಕಳೆಯಿತೆಂದರೆ ಮಾತಿನ ನಡುವೆ ಎದ್ದು ಅಂಗಳಕ್ಕೆ ಹೋಗುತ್ತಾರೆ. ಕೈಯನ್ನು ಉದ್ದಕ್ಕೆ ಚಾಚಿ, ಬೆರಳುಗಳನ್ನು ಅಡ್ಡ ಹಿಡಿದು, ಸೂರ್ಯನಿಗೂ ಪಡುವಣದ ಗುಡ್ಡಕ್ಕೂ ನಡುವೆ ಎಷ್ಟು ಬೆರಳು ಜಾಗ ಉಳಿದಿದೆ ಎಂದು ಅಳೆಯುತ್ತಾರೆ. ಹೊಸಬರು ಯಾರೋ ಜ್ಯೋತಿಷಿ ಇರಬೇಕು ಎಂದುಕೊಳ್ಳುತ್ತಾರೆ. ಅದು ಬರೇ ರಾತ್ರಿಯೂಟದ ಲೆಕ್ಕ.

ನಾವು ಮೂಡುಬಿದಿರೆಯ ಜೈನರು. ಸೂರ್ಯ ಮುಳುಗುವ ಮೊದಲು ಊಟ ಮುಗಿಸುವುದು ನಮ್ಮಲ್ಲಿ ಹಿಂದಿನಿಂದ ಬಂದ ಕ್ರಮ. ಬೆಳ್ತಂಗಡಿಯ ನನ್ನ ತವರಿನಲ್ಲೂ ಇದ್ದದ್ದೇ. ಆದರೆ ಅಲ್ಲಿ ಅಪ್ಪ ಉಂಡು, ಕೈ ತೊಳೆದು, ಜಗಲಿಯಲ್ಲಿ ಕುಳಿತು ದಾರಿಯಲ್ಲಿ ಹೋಗುವವರನ್ನು ಮಾತಾಡಿಸುತ್ತಿದ್ದರು. ಅದನ್ನು ಓಟದ ಪಂದ್ಯ ಮಾಡಿಕೊಂಡವರು ನನಗೆ ತಿಳಿದಂತೆ ಇವರೊಬ್ಬರೇ. ಆ ಓಟ ತಟ್ಟೆಯವರೆಗೆ ಮಾತ್ರ. ಕುಳಿತರೆ ಮಾತಿಲ್ಲ, ತಲೆ ಎತ್ತುವುದಿಲ್ಲ. ಒಂದೊಂದು ತುತ್ತನ್ನೂ ಹಸುವಿನ ಹಾಗೆ ನಿಧಾನವಾಗಿ ಅಗಿಯುತ್ತಾರೆ. ಊಟ ಮುಗಿಯುವುದಕ್ಕೂ ಸೂರ್ಯ ಗುಡ್ಡದ ಹಿಂದೆ ಮರೆಯಾಗುವುದಕ್ಕೂ ಸರಿಯಾಗುತ್ತದೆ. ಆಮೇಲೆ ಜಪ, ಜಪವಾದ ಮೇಲೆ ನಿದ್ರೆ.

ಪೇಟೆಯಲ್ಲಿ ಇವರದೊಂದು ಬಟ್ಟೆ ಅಂಗಡಿ. ಒಮ್ಮೆ ಬೆಳುವಾಯಿಯ ಹೆಂಗಸೊಬ್ಬರು ಮಗಳ ಮದುವೆಗೆಂದು ಅರ್ಧ ಅಂಗಡಿಯನ್ನು ಕೆಳಗಿಳಿಸಿ, ಹಸಿರು ಸೀರೆಯೋ ನೇರಳೆಯೋ ಎಂದು ತೂಗುತ್ತಾ ಕುಳಿತಿದ್ದರು. ಇವರು ಹೊರಗೆ ಹೋಗಿ ಬೆರಳು ಹಿಡಿದು ಬಂದರು, ಸೀರೆಗಳನ್ನು ಮಡಚತೊಡಗಿದರು.

"ನೀವು ನಿಧಾನಕ್ಕೆ ಯೋಚನೆ ಮಾಡಿ ಅಮ್ಮ, ನಾಳೆ ಬನ್ನಿ."

"ಇಲ್ಲೇ ಕೂತು ಯೋಚನೆ ಮಾಡಿದ್ರೆ ಆಗುದಿಲ್ವಾ?"

"ಆಗ್ತದೆ. ನಾನು ಹೊರಗಿಂದ ಬೀಗ ಹಾಕಿ ಹೋಗ್ತೇನೆ."

ಪುಣ್ಯಕ್ಕೆ ಆ ಹೆಂಗಸು ನಕ್ಕರು, ಮರುದಿನ ಬಂದು ಎರಡೂ ಸೀರೆ ಕೊಂಡರು.

ಬಂಟ್ವಾಳದ ರಿಸೆಪ್ಷನ್ ಕತೆ ಇನ್ನೂ ಚಂದ. ಕಾರ್ಡಿನಲ್ಲಿ ರಾತ್ರಿ ಏಳಕ್ಕೆ ಎಂದಿತ್ತು. ನಾವು ಬಿಸಿಲು ಚುರುಗುಟ್ಟುವಾಗಲೇ ಹಾಲ್ ತಲುಪಿದೆವು. ಹೂವಿನವನು ಇನ್ನೂ ಏಣಿಯ ಮೇಲಿದ್ದ. ಇವರು ಸೀದಾ ಅಡುಗೆಯವರ ಬಳಿ ಹೋಗಿ, ಪಲಾವು ಬೇಯುವವರೆಗೆ ಕಾದು, ಉಂಡೇಬಿಟ್ಟರು. ಮದುಮಗ ಕಾರಿನಿಂದ ಇಳಿಯುವಾಗ ಅವನ ಕೈ ಕುಲುಕಿ, "ಊಟ ಭಾರೀ ಒಳ್ಳೇದಿತ್ತು ಮಾರಾಯ" ಎಂದರು. ಆ ಹುಡುಗನ ಮುಖ ನೀವು ನೋಡಬೇಕಿತ್ತು.

ಇಷ್ಟೆಲ್ಲ ನಗುತ್ತಾ ಹೇಳುತ್ತೇನಲ್ಲ, ನನಗೆ ಒಂದು ಸಣ್ಣ ಆಸೆ ಬಾಕಿ ಉಳಿದಿತ್ತು. ಮದುವೆಯಾದ ಹೊಸತರಲ್ಲಿ ಇವರು ನನ್ನನ್ನು ಪಣಂಬೂರಿನ ಕಡಲ ಕಿನಾರೆಗೆ ಕರೆದುಕೊಂಡು ಹೋಗಿದ್ದರು. "ಮುಳುಗುದು ನೋಡಿ ಹೋಗುವನಾ?" ಎಂದು ನಾಚಿಕೆಯಿಂದಲೇ ಕೇಳಿದ್ದೆ. "ಊಟಕ್ಕೆ ತಡವಾಗ್ತದೆ" ಎಂದು ಎದ್ದೇಬಿಟ್ಟರು. ಊರವರೆಲ್ಲ ಸೂರ್ಯಾಸ್ತ ನೋಡಲೆಂದು ಕಡಲಿನ ಕಡೆಗೆ ಬರುತ್ತಿದ್ದರೆ ನಾವಿಬ್ಬರು ಮಾತ್ರ ಕಡಲಿಗೆ ಬೆನ್ನು ಹಾಕಿ ಬಸ್ ಸ್ಟ್ಯಾಂಡಿನ ಹೋಟೆಲಿಗೆ ಓಡುತ್ತಿದ್ದೆವು. ಮತ್ತೆ ನಾನು ಕೇಳಲಿಲ್ಲ. ಆದರೆ ಇವರ ಪಕ್ಕದಲ್ಲಿ ಕುಳಿತು ಒಂದು ಸಲ ಅದನ್ನು ನೋಡಬೇಕೆಂಬ ಆಸೆ ಹೋಗಲೂ ಇಲ್ಲ.

ಕಳೆದ ಡಿಸೆಂಬರಿನಲ್ಲಿ ಶನಿವಾರ, ಭಾನುವಾರ ಗೋಕರ್ಣಕ್ಕೆ ಹೋಗುವ ಎಂದು ನಾನೇ ಹಟ ಹಿಡಿದೆ.

"ಅಲ್ಲಿ ಸೂರ್ಯ ಎಷ್ಟು ಹೊತ್ತಿಗೆ ಮುಳುಗ್ತಾನೆ?"

"ಇಲ್ಲಿಯ ಸೂರ್ಯನೇ ಅಲ್ಲಿಗೂ ಬರುದು."

ಓಂ ಬೀಚಿನಿಂದ ಗುಡ್ಡ ಹತ್ತಿ ಇಳಿದರೆ ಇನ್ನೊಂದು ಸಣ್ಣ ಕಿನಾರೆ. ಸುಲಭದ ದಾರಿ ಎಂದು ಯಾರೋ ಹೇಳಿದ್ದರು. ಹೇಳಿದವರ ಮಂಡಿಗೆ ಇಪ್ಪತ್ತು ವರ್ಷವಿರಬೇಕು! ಒಂದು ಕಡೆ ಮುಳ್ಳುಪೊದೆ, ಇನ್ನೊಂದು ಕಡೆ ನೇರ ಕೆಳಗೆ ಕಡಲು, ನಡುವೆ ಕಾಲಿಟ್ಟರೆ ಜಾರುವ ಪುಡಿಗಲ್ಲು. ಇವರು ಟಿಫಿನ್ ಬಾಕ್ಸ್ ಹೆಗಲಿಗೆ ಹಾಕಿಕೊಂಡು ಮುಂದೆ ಮುಂದೆ ಹಾರುತ್ತಿದ್ದರು. ಹೋಗುವಾಗ ಹೇಗೋ ಹೋದೆ. ವಾಪಸು ಬರುವಾಗ ಒಂದು ದೊಡ್ಡ ಬಂಡೆಯ ಮೇಲೆ ಹೆದರಿ ಕುಳಿತೇಬಿಟ್ಟೆ. ಮುಂದೆ ಹೋಗಲೂ ಆಗದು, ಹಿಂದೆ ಬರಲೂ ಆಗದು.

"ನೀವು ಹೋಗಿ ಉಣ್ಣಿ. ನಾನು ಮೆಲ್ಲ ಬರ್ತೇನೆ," ಎಂದೆ.

"ಸುಮ್ಮನಿರು ಮಾರಾಯ್ತಿ. ಕಡಲು ನೋಡ್ಬೇಡ, ನನ್ನ ಹೆಗಲಿಗೆ ಕೈ ಕೊಡು. ಹಾಂ, ಇಲ್ಲಿ ಕಾಲಿಡು."

ಹಾಗೆ ಒಂದೊಂದೇ ಕಲ್ಲು ತೋರಿಸುತ್ತಾ ನನ್ನನ್ನು ಗುಡ್ಡದ ನೆತ್ತಿಗೆ ತಂದು ಕೂರಿಸುವ ಹೊತ್ತಿಗೆ ಬಿಸಿಲು ಹಳದಿಯಾಗಿತ್ತು. ಇವರು ಕೈ ಚಾಚಿ ಅಳೆದರು.

"ಎರಡು ಬೆರಳು ಉಂಟು. ಇಲ್ಲೇ ಉಣ್ಣುವ."

ಬಾಕ್ಸ್ ತೆರೆದ ಸದ್ದು ಕೇಳಿತು, ಚಪಾತಿ ಪಲ್ಯದ ಪರಿಮಳವೂ ಬಂತು. ನಾನು ಕಡಲಿಗೆ ಮುಖ ಮಾಡಿ ಕುಳಿತಿದ್ದೆ. ಅಷ್ಟು ನಡೆದು ಬಳಲಿದ ಗಂಡನಿಗೆ ರಾತ್ರಿಯಿಡೀ ಉಪವಾಸ ಇರಿ ಎಂದು ಯಾವ ಬಾಯಿಯಲ್ಲಿ ಹೇಳುವುದು? ಸ್ವಲ್ಪ ಹೊತ್ತಾಯಿತು, ಅಗಿಯುವ ಸದ್ದೇ ಇಲ್ಲ. ಬದಲಿಗೆ ಮುಚ್ಚಳ ಹಾಕಿದ ಸದ್ದು. ಇವರು ಬಂದು ನನ್ನ ಪಕ್ಕ ಕುಳಿತರು.

"ಉಣ್ಣುದಿಲ್ವಾ?"

"ಉಣ್ಲಿಕ್ಕೆ ಕೂತರೆ ನನಗೆ ತಲೆ ಎತ್ಲಿಕ್ಕೆ ಆಗುದಿಲ್ಲ. ನೀನು ಪಣಂಬೂರಿನಲ್ಲಿ ಕೇಳಿದ್ದಿಯಲ್ಲ."

ಮರೆತಿದ್ದಾರೆ ಎಂದುಕೊಂಡಿದ್ದೆ. ಇಷ್ಟು ವರ್ಷ ಕಾದ ಸೂರ್ಯ ನನಗೆ ಕಣ್ಣೀರಿನಲ್ಲಿ ಸರಿಯಾಗಿ ಕಾಣಿಸಲೂ ಇಲ್ಲ. ಇವರೇ ಮೊಣಕೈಯಿಂದ ತಿವಿದು, "ನೋಡು, ನೋಡು, ಹೋಗ್ತಾ ಉಂಟು" ಎಂದರು. ಕೆಂಪಗೆ, ದೊಡ್ಡದಾಗಿ, ಅವಸರವೇ ಇಲ್ಲದೆ ಅದು ನೀರಿಗೆ ಇಳಿಯಿತು.

ನೀರಿನ ಮೇಲಿನ ಕೆಂಪು ಆರುವವರೆಗೆ ಇವರು ಅತ್ತಲೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ಕೇಳಿದರು.

"ದಿನಾಲೂ ಹೀಗೇ ಹೋಗುದಾ ಇದು?"

ಆಗ ನನಗೆ ಹೊಳೆಯಿತು. ಬುದ್ಧಿ ಬಂದಾಗಿನಿಂದ ದಿನವೂ ಸೂರ್ಯನನ್ನು ಅಳೆದ ಈ ಮನುಷ್ಯ ಅದು ಮುಳುಗುವುದನ್ನು ಒಮ್ಮೆಯೂ ನೋಡಿರಲಿಲ್ಲ.

"ಹೌದು, ದಿನಾಲೂ," ಎಂದೆ.

ಅವರ ಹೊಟ್ಟೆ ಗುರ್ ಎಂದಿತು. ನನ್ನದೂ.

"ನಾಳೆಯೂ ಬರುವನಾ?" ಎಂದರು. ದಿನವೂ ಸೂರ್ಯನನ್ನು ಅಳೆಯಲು ಚಾಚುತ್ತಿದ್ದ ಆ ಕೈಯನ್ನು ನಾನು ಹಿಡಿದುಕೊಂಡೆ, ಗುಡ್ಡ ಇಳಿಯುವವರೆಗೂ ಬಿಡಲಿಲ್ಲ.