ಕೇಳಿದ್ದೊಂದು, ಕೆಳಗೆ ಜಾಹೀರಾತೊಂದು

ಮೂಡಿಗೆರೆ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ಇಂಥ ಅಂಗಡಿ ಇಟ್ಟವರು ನಗುವ ಸಂಗತಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಅರ್ಜಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬರ್ತವೆ. ಈಚೆಗೆ ಅರ್ಜಿ ಬರೆಯೋದಕ್ಕೆ ನಾನು ಫೋನಿನ ಎಐಯನ್ನು ನೆಚ್ಚಿಕೊಂಡಿದ್ದೇನೆ. ಮೊದಮೊದಲು ಅದು ಕೇಳಿದ್ದಕ್ಕೆ ಉತ್ತರ ಕೊಟ್ಟು ಸುಮ್ಮನಾಗ್ತಿತ್ತು. ಒಂದು ದಿನ ಇದ್ದಕ್ಕಿದ್ದಂತೆ ಉತ್ತರದ ಕೆಳಗೆ ಜಾಹೀರಾತು ಬರೋದಕ್ಕೆ ಶುರುವಾಯ್ತು. ಅಲ್ಲಿಂದೀಚೆಗೆ ನಡೆದ ಸಂಗತಿಗಳು ಇವು.

ಆನೆ ಅರ್ಜಿ

ಸಣ್ಣ ತೋಟದ ಹಿರಿಯರೊಬ್ಬರು ಅರಣ್ಯ ಇಲಾಖೆಗೆ ಅರ್ಜಿ ಬರೆಸೋದಕ್ಕೆ ಬಂದರು. ಆನೆ ನುಗ್ಗಿ ಬಾಳೆಯನ್ನೆಲ್ಲ ಮಲಗಿಸಿತ್ತು, ಕಾಫಿ ಗಿಡಗಳನ್ನೂ ತುಳಿದಿತ್ತು. ವಾರದಿಂದ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ, ಅದನ್ನೂ ಬರೀರಿ ಅಂದರು. ಎಐ ಚೆನ್ನಾಗಿಯೇ ಬರೆದುಕೊಟ್ಟಿತು. ಅವರಿಗೆ ಬಸ್ಸಿನ ಹೊತ್ತಾಗಿತ್ತು, ನಾನು ಗಡಿಬಿಡಿಯಲ್ಲಿ ಪರದೆ ಮೇಲಿದ್ದುದನ್ನೆಲ್ಲ ಎತ್ತಿ ಪ್ರಿಂಟ್ ಹಾಕಿದೆ. ಅವರು ಕನ್ನಡಕ ಮರೆತು ಬಂದಿದ್ದರು, ಓದದೆ ಸಹಿ ಮಾಡಿದರು.

ಮೂರನೇ ದಿನ ಅವರು ವಾಪಸ್ ಬಂದಾಗ ನಡೆದದ್ದು ಗೊತ್ತಾಯ್ತು. ಕಚೇರಿಯ ಸಾಹೇಬರು ಅರ್ಜಿಯನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿದರಂತೆ. "ತಾವು ದಯಮಾಡಿ ಸ್ಥಳ ಪರಿಶೀಲನೆ ನಡೆಸಬೇಕಾಗಿ ವಿನಂತಿ. ಸುಖನಿದ್ರೆಗೆ ಮೆತ್ತನೆಯ ಹಾಸಿಗೆ. ತಿಂಗಳು ಮಲಗಿ ನೋಡಿ, ಇಷ್ಟವಾಗದಿದ್ದರೆ ವಾಪಸ್ ಕೊಡಿ."

ನನಗೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು. ತಪ್ಪಾಯ್ತು, ಬೇರೆ ಮಾಡಿಕೊಡ್ತೇನೆ ಅಂದೆ. ಅವರು ಬೇಡವೇ ಬೇಡ ಅಂದರು. ಸಾಹೇಬರು ನಕ್ಕು ನಕ್ಕು, ಮಾರನೇ ದಿನವೇ ಖುದ್ದಾಗಿ ತೋಟಕ್ಕೆ ಬಂದು ನೋಡಿ ಹೋಗಿದ್ದರಂತೆ. ಹಿಂದೆ ಕೊಟ್ಟ ನಾಲ್ಕು ಅರ್ಜಿಗೆ ಒಬ್ಬರೂ ಬಂದಿರಲಿಲ್ಲ.

"ಪಕ್ಕದ ತೋಟದವರದ್ದೂ ಒಂದು ಅರ್ಜಿ ಉಂಟು," ಅಂದರು. "ಅದಕ್ಕೂ ಹಾಸಿಗೆ ಸೇರಿಸಿಯೇ ಕೊಡಿ ಮಾರಾಯ್ರೆ."

ರೈಟರ ಮರ್ಯಾದೆ

ಒಂದು ಎಸ್ಟೇಟಿನಲ್ಲಿ ಆಳುಗಳ ಹಾಜರಿ, ಕೊಯ್ಲಿನ ಉಸ್ತುವಾರಿ ನೋಡಿಕೊಳ್ಳುವ ರೈಟರು ನಮ್ಮ ಅಂಗಡಿಗೆ ಬಹಳ ಹಳಬರು. ಕಾಫಿ ಹೂವಿನ ಪರಿಮಳದಲ್ಲೇ ತಲೆ ನರೆತವರು. ಮೋಡ ಕಟ್ಟಿದಾಗ ಕಾಫಿ ಬೀಜ ಒಣಗಿಸೋದು ಹೇಗೆ ಅಂತ ನನ್ನಿಂದ ಕೇಳಿಸಿದರು. ಉತ್ತರ ಓದಿ, ಪರವಾಗಿಲ್ಲ, ತಿಳಿದದ್ದೇ ಅಂತ ಒಪ್ಪಿಕೊಂಡರು. ಕೆಳಗೆ ದಿಢೀರ್ ಕಾಫಿ ಪುಡಿಯ ಜಾಹೀರಾತು ಇತ್ತು. 'ನಿಜವಾದ ಕಾಫಿ ರುಚಿ ನಿಮಗಿನ್ನೂ ಗೊತ್ತಿಲ್ಲವೇ?'

ರೈಟರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ನನ್ನ ಫೋನು ಇಸಕೊಂಡು, ಒಂದೇ ಬೆರಳಲ್ಲಿ ತಮ್ಮ ಮೂವತ್ತು ವರ್ಷದ ಸರ್ವೀಸನ್ನು ಎಐಗೆ ಬರೆದು ತಿಳಿಸಿದರು. ಬೇಸರವಾಗಿದ್ದರೆ ಕ್ಷಮಿಸಿ ಅಂತ ಎಐ ಉತ್ತರ ಕೊಟ್ಟಿತು. ಅಷ್ಟಕ್ಕೇ ಅವರ ಮನಸ್ಸು ಕರಗಿತು. ಮಾರನೇ ದಿನ ಮನೆಯಲ್ಲೇ ಹುರಿದು ಪುಡಿ ಮಾಡಿದ ಕಾಫಿಯ ಪೊಟ್ಟಣ ತಂದು ನನ್ನ ಮೇಜಿನ ಮೇಲಿಟ್ಟರು.

"ನೀವು ಕುಡಿದು, ಅದಕ್ಕೊಂದು ಮಾತು ಬರೆದು ತಿಳಿಸಿ," ಅಂದರು. "ಪಾಪ, ಅದಕ್ಕೆ ಯಾರೂ ಒಳ್ಳೆ ಕಾಫಿ ಕೊಟ್ಟೇ ಇಲ್ಲ."

ಎರಡು ಕಿಲೋಮೀಟರ್ ಪ್ರವಾಸ

ಅಂಗಡಿ ಎದುರಿನ ಜೀಪ್ ಮೆಕ್ಯಾನಿಕ್ ಸಾಹೇಬರ ಮನೆಯಲ್ಲಿ ಎರಡು ದಿನದಿಂದ ಮಾತಿರಲಿಲ್ಲ. ಹೆಂಡತಿಯ ತಂಗಿ ಮನೆಯ ನಿಶ್ಚಿತಾರ್ಥದ ದಿನ ಇವರು ಸಂಸೆ ದಾರಿಯಲ್ಲಿ ಯಾರದೋ ಜೀಪಿನ ಕೆಳಗೆ ಮಲಗಿದ್ದರು. ಸಮಾಧಾನ ಮಾಡೋದು ಹೇಗೆ ಅಂತ ಗುಟ್ಟಾಗಿ ಎಐಯನ್ನು ಕೇಳಿದರು. ತಪ್ಪು ಒಪ್ಪಿಕೊಳ್ಳಿ, ಅವರು ಹೇಳೋದನ್ನು ಪೂರ್ತಿ ಕೇಳಿಸಿಕೊಳ್ಳಿ ಅಂದಿತು. ಕೆಳಗೆ ಒಂದು ಹೋಂಸ್ಟೇ ಜಾಹೀರಾತು: 'ಮಂಜಿನ ಬೆಟ್ಟಗಳು ನಿಮ್ಮನ್ನು ಕರೆಯುತ್ತಿವೆ.' ಫೋಟೋ ನೋಡಿದರೆ ಅದು ಅವರ ಮನೆಯಿಂದ ಎರಡೇ ಕಿಲೋಮೀಟರ್.

ನಗಲಿ ಅಂತ ಹೆಂಡತಿಗೆ ತೋರಿಸಿದರು. ಆಕೆ ನಗಲಿಲ್ಲ. ಇಪ್ಪತ್ತೆರಡು ವರ್ಷದಿಂದ ಇದೇ ಬೆಟ್ಟದಲ್ಲಿದ್ದೇನೆ, ಒಂದು ದಿನವಾದರೂ ನನ್ನನ್ನು ಕೂರಿಸಿ ತೋರಿಸಿದ್ದೀರಾ ಅಂತ ಮೆತ್ತಗೆ ಕೇಳಿದರು. ಸಾಹೇಬರು ಆ ಶನಿವಾರ ಗ್ಯಾರೇಜಿಗೆ ಬೀಗ ಹಾಕಿ, ಬ್ಯಾಗು ಹಿಡಿದು, ಹೆಂಡತಿಯೊಡನೆ ಎರಡು ಕಿಲೋಮೀಟರ್ ಪ್ರವಾಸ ಹೊರಟರು.

ಬೆಳಿಗ್ಗೆ ಆಕೆ ಕುರ್ಚಿಯಲ್ಲಿ ಕೂತಲ್ಲಿಗೇ ಯಾರೋ ಚಹಾ ತಂದುಕೊಟ್ಟರಂತೆ. ಲೋಟ ಹಿಡಿದುಕೊಂಡು ಒಂದು ಗಳಿಗೆ ಕಣ್ಣು ತುಂಬಿಕೊಂಡರಂತೆ. ಅದೇ ಹೊತ್ತಿಗೆ ಅಂಗಳದಲ್ಲಿ ಹೋಂಸ್ಟೇಯ ಜೀಪು ಕೆಮ್ಮಿ ಕೆಮ್ಮಿ ನಿಂತಿತು. ಸಾಹೇಬರು ಕೈ ಕಟ್ಟಿಕೊಂಡು ಬೆಟ್ಟ ನೋಡೋದಕ್ಕೆ ಬಹಳ ಪ್ರಯತ್ನಪಟ್ಟರು.

"ಹೋಗಿ, ಮಾಡಿಕೊಡಿ," ಅಂದರಂತೆ ಆಕೆ. "ನಾನಂತೂ ಈ ಕುರ್ಚಿಯಿಂದ ಏಳೋದಿಲ್ಲ."

ದೊಡ್ಡಮ್ಮನ ದಾಕ್ಷಿಣ್ಯ

ವಸ್ತಾರೆಯಲ್ಲಿರುವ ನನ್ನ ದೊಡ್ಡಮ್ಮ ಕನ್ನಡ ಶಾಲೆಯ ಟೀಚರಾಗಿದ್ದವರು. ಕಳೆದ ಚಳಿಗಾಲದಲ್ಲಿ ಅವರ ಹಸು ದಿನ ತುಂಬುವ ಮೊದಲೇ ಕರು ಹಾಕಿತು. ಬೆಕ್ಕಿಗಿಂತ ಸ್ವಲ್ಪ ದೊಡ್ಡದು, ಎದ್ದು ನಿಲ್ಲೋದಕ್ಕೂ ಆಗ್ತಿರಲಿಲ್ಲ. ಬೆಚ್ಚಗಿಟ್ಟರೆ ಉಳಿಯಬಹುದು ಅಂತ ಡಾಕ್ಟರು ಹೇಳಿಹೋಗಿದ್ದರು. ನಾನು ಅಲ್ಲೇ ಇದ್ದೆ. ನಿನ್ನ ಫೋನಿನಲ್ಲಿರೋದನ್ನು ಕೇಳು ಅಂದರು ದೊಡ್ಡಮ್ಮ.

ಒಣಗಿದ ಗೋಣಿಯಿಂದ ಮೈ ಉಜ್ಜಿ, ಗಾಳಿ ತಾಗದ ಹಾಗೆ ಹುಲ್ಲು ಹಾಸಿ, ಗಿಣ್ಣುಹಾಲನ್ನು ಸ್ವಲ್ಪಸ್ವಲ್ಪವೇ ಕುಡಿಸಿ ಅಂತೆಲ್ಲ ಎಐ ವಿವರವಾಗಿ ಹೇಳಿತು. ಕೆಳಗೆ ನಾಯಿಗಳಿಗೆ ಚಳಿಕೋಟಿನ ಜಾಹೀರಾತು. ದೊಡ್ಡಮ್ಮ ಒಂದು ತರಿಸು ಅಂದರು. ನಮಗೆ ನಾಯಿಯೇ ಇಲ್ಲವಲ್ಲ ಅಂದೆ.

"ಬಳೆಗಾರ ಬಾಗಿಲಿಗೆ ಬಂದು ಇಷ್ಟು ಕಷ್ಟಸುಖ ವಿಚಾರಿಸಿದರೆ, ನಾಲ್ಕು ಬಳೆ ತಗೊಳ್ಳದೆ ಕಳಿಸ್ತೀವಾ?" ಅಂದರು ದೊಡ್ಡಮ್ಮ. "ಅದಕ್ಕೂ ಏನು ಕಷ್ಟವೋ, ಮಾರೋದಕ್ಕೆ ಹೊರಟಿದೆ."

ಕೋಟು ಬರೋದಕ್ಕೆ ನಾಲ್ಕು ದಿನ ಹಿಡಿಯಿತು. ಅಷ್ಟೂ ದಿನ ದೊಡ್ಡಮ್ಮ ಕರುವನ್ನು ತಮ್ಮ ಹಳೇ ಶಾಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದರು. ಕೋಟು ಅದಕ್ಕೆ ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು. ಬೆನ್ನ ಮೇಲೆ ದೊಡ್ಡ ಅಕ್ಷರದಲ್ಲಿ 'ಗುಡ್ ಬಾಯ್' ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಕರು ಹೆಣ್ಣು. ಆ ಕೋಟು ತೊಟ್ಟುಕೊಂಡೇ ಅದು ಆರನೇ ದಿನ ಎದ್ದು ನಿಂತಿತು, ಹದಿನೈದನೇ ದಿನ ಅಂಗಳವಿಡೀ ಕುಣಿಯಿತು.

ದೊಡ್ಡಮ್ಮ ನನಗೆ ಫೋನ್ ಮಾಡಿ ಕರೆಸಿ, ನಿನ್ನ ಫೋನಿನಲ್ಲಿರೋದಕ್ಕೊಂದು ಥ್ಯಾಂಕ್ಸ್ ಹೇಳು ಅಂದರು. ಹೇಳಿದೆ. ಕರು ಉಳಿದದ್ದು ಕೇಳಿ ಬಹಳ ಸಂತೋಷ, ಆದರೆ ಕೋಟು ಮಾರಿದ್ದು ನಾನಲ್ಲ, ಜಾಹೀರಾತಿಗೂ ನನ್ನ ಉತ್ತರಕ್ಕೂ ಸಂಬಂಧ ಇಲ್ಲ ಅಂತ ಅದು ಬರೆಯಿತು. ನಾನು ಓದಿ ಹೇಳಿದೆ.

ದೊಡ್ಡಮ್ಮ ಕರುವಿನ ಗಂಗೆದೊಗಲು ಸವರುತ್ತಾ ಕೇಳಿಸಿಕೊಂಡರು.

"ಎಂಥಾ ದೊಡ್ಡ ಗುಣ ನೋಡು," ಅಂದರು. "ಉಪಕಾರ ಮಾಡಿ, ನಾನಲ್ಲ ಅಂತದೆ."