ಸಿದ್ದಗಂಗಯ್ಯ ಮೇಷ್ಟ್ರ ರಾಜೀನಾಮೆ

ಎಲ್ಲದಕ್ಕೂ ಕಾರಣ ಒಂದು ಚಪ್ಪಾಳೆ.

ಹೋದ ಭಾನುವಾರ ಕೊರಟಗೆರೆಯ ಮೈದಾನದಲ್ಲಿ, ಮಧುಗಿರಿಯ ಹೆಬ್ಬಂಡೆ ಫುಟ್‌ಬಾಲ್ ಕ್ಲಬ್ಬಿನ ಆಟಗಾರನೊಬ್ಬ ಗಾಬರಿಯಲ್ಲಿ ಚೆಂಡನ್ನು ತನ್ನ ಗೋಲಿಗೇ ಒದ್ದುಬಿಟ್ಟ. ಗೆರೆಯ ಪಕ್ಕ ನಿಂತಿದ್ದ ಕ್ಲಬ್ಬಿನ ಮ್ಯಾನೇಜರ್ ಸಿದ್ದಗಂಗಯ್ಯ ಮೇಷ್ಟ್ರು ಎರಡೂ ಕೈ ಮೇಲೆತ್ತಿ, "ಶಭಾಷ್! ಗೋಲು ಅಂದ್ರೆ ಇದು!" ಎಂದು ಚಪ್ಪಾಳೆ ತಟ್ಟಿದರು. ಕೊರಟಗೆರೆಯವರು ಬಿದ್ದು ಬಿದ್ದು ನಕ್ಕರು. ಮಧುಗಿರಿಯವರು ಬಸ್ಸಿನಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಊರಿಗೆ ಬಂದರು.

ಮೇಷ್ಟ್ರಿಗೆ ಎಪ್ಪತ್ತಮೂರು. ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದಾಗ ಅವರೇ ಕಟ್ಟಿದ ಕ್ಲಬ್ಬು ಅದು. ಮೂವತ್ತೊಂದು ವರ್ಷದಿಂದ ಆಟಗಾರರನ್ನು ಆರಿಸುವವರೂ ಅವರೇ, ಬೆಳಗ್ಗೆ ಎಬ್ಬಿಸಿ ಓಡಿಸುವವರೂ ಅವರೇ, ಗೆದ್ದಾಗ ಬಾಳೆಹಣ್ಣು ಹಂಚುವವರೂ ಅವರೇ.

ಈ ಭಾನುವಾರ ಬೆಳಗ್ಗೆ ಮೈದಾನದ ಎದುರಿನ ಓಬಳಮ್ಮನ ಹೋಟೆಲಿನಲ್ಲಿ ಅಭಿಮಾನಿಗಳು ಸೇರಿದರು. ಮುಂದಿನ ವಾರ ಶಿರಾದ ಮೇಲೆ ಮ್ಯಾಚು. ಅದರೊಳಗೆ ಹೊಸ ಮ್ಯಾನೇಜರ್ ಬೇಕು. ಯಾರು?

ಮೂಲೆಯಲ್ಲಿ ಕೂತಿದ್ದ ರೇಣುಕಯ್ಯ ಬಂದದ್ದು ತಟ್ಟೆ ಇಡ್ಲಿ ತಿನ್ನಲು. ಮನೆಮನೆಗೆ ಹೋಗಿ ಕರೆಂಟ್ ಮೀಟರ್ ನೋಡಿ ಬಿಲ್ಲು ಕೊಡುವ ಕೆಲಸ ಅವನದು. ವಯಸ್ಸು ನಲವತ್ತಾರು. ಹೈಸ್ಕೂಲಿನಲ್ಲಿದ್ದಾಗ ಒಂದೇ ಒಂದು ಮ್ಯಾಚಿನಲ್ಲಿ ಗೋಲ್‌ಕೀಪರ್ ಆಗಿ ನಿಂತು ಏಳು ಗೋಲು ಬಿಟ್ಟುಕೊಟ್ಟಿದ್ದ. ಅಂದು ಎಲ್ಲರೂ ಬಯ್ದಾಗ ಮೇಷ್ಟ್ರು ಮಾತ್ರ ಬೆನ್ನು ತಟ್ಟಿ, "ಎಂಟನೇದು ಹಿಡಿದ್ಯಲ್ಲಯ್ಯ, ಅದು ಚೆನ್ನಾಗಿತ್ತು" ಅಂದಿದ್ದರು. ಅವತ್ತಿನಿಂದ ಅವನು ಕ್ಲಬ್ಬಿನ ಒಂದು ಮ್ಯಾಚನ್ನೂ ತಪ್ಪಿಸಿದವನಲ್ಲ.

"ನಾನೇ ಆಯ್ತೀನಿ," ಅಂದ ಮೊಬೈಲ್ ಅಂಗಡಿಯ ಅನಿಲ್ ಕುಮಾರ್. "ದಿನಾ ಫೋನಲ್ಲಿ ಯೂರೋಪ್ ಮ್ಯಾಚ್ ನೋಡ್ತೀನಿ. ನಾಲ್ಕು ಮೂರು ಮೂರು. ಗೊತ್ತಾ ಅಂಗಂದ್ರೆ ಏನು ಅಂತ?"

"ಹತ್ತು," ಅಂದಳು ಓಬಳಮ್ಮ, ಚಟ್ನಿ ಬಡಿಸುತ್ತ. "ಇನ್ನೊಬ್ಬ ಎಲ್ಲೋದ?"

"ಇನ್ನೊಬ್ಬ ಗೋಲ್‌ಕೀಪರ್ ಕಣಮ್ಮ!"

ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ನಿವೃತ್ತರಾದ ದೊಡ್ಡರಂಗಪ್ಪನವರು ಮೇಜು ಕುಟ್ಟಿದರು. "ಯೂರೋಪು ಕಟ್ಕೊಂಡು ಏನ್ ಮಾಡ್ತೀಯ್ಲಾ? ಬೇಕಾಗಿರೋದು ಶಿಸ್ತು. ಮೂವತ್ತು ವರ್ಷ ಬಸ್ಸುಗಳನ್ನ ಟೈಮಿಗೆ ಸರಿಯಾಗಿ ಬುಟ್ಟಿದೀನಿ. ಹನ್ನೊಂದು ಹುಡುಗ್ರನ್ನ ಬುಡಕ್ಕಾಗಲ್ವಾ?"

"ಚೆಂಡು?" ಅಂದ ಅನಿಲ್.

"ಚೆಂಡು ಅದರ ಪಾಡಿಗೆ ಹೋಯ್ತದೆ, ಬುಡು."

ವೈ.ಎನ್. ಹೊಸಕೋಟೆಯಿಂದ ಬಂದು ಇಲ್ಲಿ ಕಡಲೆಕಾಯಿ ಮಂಡಿ ಇಟ್ಟಿರುವ, ಮಾತಿನಲ್ಲಿ ತೆಲುಗು ಬೆರೆಸುವ ನರಸಿಂಹರಾಜು ನಕ್ಕ. "ಏಮಯ್ಯಾ, ಇದೇನು ಬಸ್ ಸ್ಟ್ಯಾಂಡಾ? ಮಾ ಬಾವ ಒಬ್ಬನಿದಾನೆ, ಜಿಲ್ಲಾ ಟೀಮಲ್ಲಿ ಆಡಿರೋನು. ಒಂದು ಕಿಕ್ ಹೊಡೆದ್ರೆ ಬಾಲು ಪಾವಗಡದಾಗೆ ಬೀಳ್ತಾದೆ."

"ಗೋಲು ಇಲ್ಲೇ ಮಧುಗಿರೀಲಿ ಐತಲ್ಲಪ್ಪ," ಅಂದ ಅನಿಲ್.

ಮೂರು ಸುತ್ತು ಕಾಫಿಯಾದರೂ ಜಗಳ ಮುಗಿಯಲಿಲ್ಲ. ಕೊನೆಗೆ ಓಬಳಮ್ಮನೇ ಕೇಳಿದಳು: "ಹೊಸಬ್ರು ಯಾರಾದ್ರೂ ಆಗ್ಲಿ. ಬುಡಿ ಅಂತ ಮೇಷ್ಟ್ರಿಗೆ ಹೇಳೋರು ಯಾರು?"

ಅಲ್ಲಿದ್ದವರು ಬಹುಪಾಲು ಮೇಷ್ಟ್ರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೇ. ಒಬ್ಬೊಬ್ಬರಾಗಿ ಮೂಲೆಯ ಕಡೆ ತಿರುಗಿದರು. ರೇಣುಕಯ್ಯನ ಬಾಯಲ್ಲಿ ಇಡ್ಲಿಯ ತುತ್ತು ಅರ್ಧದಲ್ಲೇ ನಿಂತಿತು.

"ರೇಣುಕಣ್ಣ," ಅಂದ ಅನಿಲ್ ಮೆತ್ತಗೆ, "ಕೆಟ್ಟ ಸುದ್ದಿ ತಲುಪ್ಸೋದು ದಿನಾ ನಿನ್ ಕೆಲ್ಸಾನೇ ಅಲ್ವಾ?"

"ಬಿಲ್ಲು ಬಾಗಿಲ ಸಂದೀಲಿ ಸಿಗ್ಸಿ ಓಡ್ಬುಡ್ತೀನಿ ಕಣಪ್ಪ. ಇದನ್ನ ಹೆಂಗೆ ಸಿಗ್ಸೋದು?"

ಯಾರೂ ಕೇಳಲಿಲ್ಲ. ಹತ್ತೇ ನಿಮಿಷದಲ್ಲಿ ಒಂದು ಶಾಲು, ಒಂದು ಸೇವಂತಿಗೆ ಹಾರ, ಒಂದು ಚೀಲ ಸೇಬು ಬಂದವು. ಗೌರವವಾಗಿ ಬೀಳ್ಕೊಡಬೇಕಂತೆ. ಸಹಿ ಹಾಕಿದ ರಾಜೀನಾಮೆ ಇಲ್ಲದೆ ವಾಪಸು ಬರಬಾರದಂತೆ.

ಮೇಷ್ಟ್ರ ಬೀದಿಗೆ ಬರುವಷ್ಟರಲ್ಲಿ ರೇಣುಕಯ್ಯನ ಮುಖ ಹಿಂಡಿ ಒಣಹಾಕಿದ ಬಟ್ಟೆಯಂತಾಗಿತ್ತು. ಮೊದಲನೇ ಮನೆಯ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ದಾಸಮ್ಮ ಅವನ ಮುಖ ನೋಡಿದಳು, ಕೈಯಲ್ಲಿದ್ದ ಹಾರ ನೋಡಿದಳು, ಅವನು ಹೊರಟಿದ್ದ ಮನೆಯ ಕಡೆ ನೋಡಿದಳು. ಮಡಿಲಲ್ಲಿದ್ದ ಕಾಯಿಯೆಲ್ಲ ನೆಲಕ್ಕೆ ಚೆಲ್ಲಿದವು.

"ಅಯ್ಯೋ! ಮೇಷ್ಟ್ರು ಹೋಗ್ಬುಟ್ರಾ!"

"ಇಲ್ಲ ದಾಸಮ್ಮ, ನಾನು ಸುಮ್ನೆ..."

"ನೆನ್ನೆ ಸಂಜೆ ಮಾತಾಡ್ಸಿದ್ರಲ್ಲಪ್ಪಾ! ಕೆಂಚಮ್ಮಕ್ಕಾ, ಎಂಥ ಗತಿ ಬಂತವ್ವಾ!"

ಆ ಕೂಗಿಗೆ ಬೀದಿಯ ಬಾಗಿಲುಗಳೆಲ್ಲ ತೆರೆದವು. ಒಬ್ಬರು ಸೆರಗು ಬಾಯಿಗಿಟ್ಟುಕೊಂಡು ಬಂದರೆ, ಇನ್ನೊಬ್ಬರು ಗಡ್ಡಕ್ಕೆ ಹಚ್ಚಿದ ಸೋಪಿನಲ್ಲೇ ಬಂದರು. ರೇಣುಕಯ್ಯ ಮೇಷ್ಟ್ರ ಬಾಗಿಲು ಮುಟ್ಟಿದಾಗ ಅವನ ಹಿಂದೆ ಮೂವತ್ತು ಜನ ಅಳುತ್ತಿದ್ದರು.

ಬಾಗಿಲು ತೆಗೆದವರು ಸಿದ್ದಗಂಗಯ್ಯ ಮೇಷ್ಟ್ರೇ. ಚಡ್ಡಿ, ಬನಿಯನ್ನು, ಕೊರಳಲ್ಲಿ ಸೀಟಿ. ಕಸರತ್ತು ಮಾಡುತ್ತಿದ್ದರು.

"ಏನಯ್ಯ ರೇಣುಕಯ್ಯ? ಯಾರು ಹೋದ್ರು?"

ದಾಸಮ್ಮನ ಅಳು ಗಂಟಲಲ್ಲೇ ನಿಂತಿತು. ಮೂವತ್ತು ಜೊತೆ ಕಣ್ಣು ರೇಣುಕಯ್ಯನ ಬೆನ್ನು ಚುಚ್ಚಿದವು. ಅವನಿಗೆ ಹೊಳೆದದ್ದು ಒಂದೇ ಮಾತು. "ಹುಟ್ಟಿದ ಹಬ್ಬ ಸಾರ್... ನಿಮ್ದು."

"ನಂದು ಜೂನ್ ಒಂದು ಕಣಯ್ಯ. ನಮ್ಮ ಕಾಲದ ಮಕ್ಕಳೆಲ್ಲ ಸ್ಕೂಲಿಗೆ ಸೇರಿಸುವಾಗ ಜೂನ್ ಒಂದಕ್ಕೇ ಹುಟ್ಟಿದ್ದು."

"ಅದು ಸ್ಕೂಲಿನ ಲೆಕ್ಕ ಸಾರ್. ನಿಜವಾದ್ದು ಇವತ್ತೇ ಇದ್ರೂ ಇರಬಹುದು."

ಮೇಷ್ಟ್ರು ಯೋಚಿಸಿದರು. "ಅವರೆಕಾಯಿ ಕಾಲದಲ್ಲಿ ಹೆತ್ತೆ ಅಂತ ನಮ್ಮವ್ವ ಅಂತಿದ್ಲು, ನಿಜ." ಅವರ ಮುಖ ಅರಳಿತು. ಅಷ್ಟು ಸಾಕಾಯಿತು. ಅಳಲು ಬಂದವರು ಹಾಡಲು ಶುರುಮಾಡಿದರು. ಮೇಷ್ಟ್ರ ಹೆಂಡತಿ ಕೆಂಚಮ್ಮ ಒಳಗೆ ಹೋಗಿ ಕೇಸರಿಬಾತಿಗೆ ರವೆ ಹುರಿದರು. ಹಾರ ಹಾಕಿಸಿಕೊಂಡ ಮೇಷ್ಟ್ರು, "ಎಪ್ಪತ್ತಮೂರು ವರ್ಷಕ್ಕೆ ಇದು ಮೊದಲನೇದು ಕಣಯ್ಯ" ಎಂದು ರೇಣುಕಯ್ಯನ ಕೈ ಹಿಡಿದುಕೊಂಡರು.

ಜನ ಕರಗಿದ ಮೇಲೆ ಕೆಂಚಮ್ಮ ಅವನನ್ನು ಅಡಿಗೆಮನೆ ಬಾಗಿಲಿಗೆ ಕರೆದು ಪಿಸುಗುಟ್ಟಿದರು. "ನೀನಾದ್ರೂ ಹೇಳಪ್ಪ. ಮಂಡಿ ನೋವು, ರಾತ್ರಿಯೆಲ್ಲ ನರಳ್ತಾರೆ. ಬಿಸಿಲಲ್ಲಿ ಎರಡೆರಡು ಗಂಟೆ ನಿಂತಿರ್ತಾರೆ. ಕನ್ನಡಕ ಬದಲಾಯ್ಸಿ ಅಂದ್ರೆ ಕೇಳಲ್ಲ."

"ಹೇಳ್ತೀನಿ ಕಣಮ್ಮ," ಅಂದ. ಹೇಳುವುದಕ್ಕೆ ಮೊದಲೇ ಮೇಷ್ಟ್ರು ಚೆಂಡು ಹಿಡಿದು ಬಂದರು.

"ಹುಟ್ಟಿದ ಹಬ್ಬಕ್ಕೆ ಒಂದು ಪೆನಾಲ್ಟಿ ಹೊಡೀಬೇಕು. ಬಾ, ನಿಂತ್ಕೊ."

ಮನೆಯ ಹಿಂದಿನ ಖಾಲಿ ಸೈಟಿನಲ್ಲಿ ಎರಡು ಕಲ್ಲುಗಳ ನಡುವೆ ರೇಣುಕಯ್ಯ ನಿಂತ. ಶಾಲು ಇಡಲು ಜಾಗ ಸಿಗದೆ ತಾನೇ ಹೊದ್ದುಕೊಂಡಿದ್ದ. ಮೊದಲನೆಯ ಚೆಂಡು ಅವನ ಹೊಟ್ಟೆಗೆ ಬಡಿಯಿತು. "ಶಭಾಷ್!" ಎರಡನೆಯದು ಪಕ್ಕದ ಮನೆಯವರು ಹರವಿದ್ದ ಸಂಡಿಗೆಯ ಮೇಲೆ ಬಿತ್ತು. ಮೂರನೆಯದಕ್ಕೆ ಮೇಷ್ಟ್ರು ಹತ್ತು ಹೆಜ್ಜೆ ಹಿಂದೆ ಹೋಗಿ ಓಡಿಬಂದರು. ಮಂಡಿ ಮಡಚಿತು. ಚೆಂಡು ಇದ್ದಲ್ಲೇ ಇತ್ತು. ಮೇಷ್ಟ್ರು ಅದರ ಪಕ್ಕದಲ್ಲಿ ಕೂತಿದ್ದರು.

ರೇಣುಕಯ್ಯ ಓಡಿಹೋಗಿ ಎತ್ತಿದ. ಅಷ್ಟು ದೊಡ್ಡ ಮನುಷ್ಯ ಎಷ್ಟು ಹಗುರವಾಗಿದ್ದರೆಂದರೆ ಅವನಿಗೆ ಅಳುವೇ ಬಂತು. ಮಂಡಿಯ ಮಣ್ಣು ಒರೆಸುತ್ತ, ತಲೆ ಎತ್ತದೆ, "ಸಾಕು ಸಾರ್," ಅಂದ. "ಇನ್ನು ಸಾಕು. ಬುಟ್ಬುಡಿ."

ಮೇಷ್ಟ್ರು ಕೊರಳಿನ ಸೀಟಿ ಬಿಚ್ಚಿ ಕೈಯಲ್ಲಿ ಹಿಡಿದರು.

"ಇಷ್ಟು ಹೇಳೋಕೆ ಹಾರ, ಸೇಬು, ಹುಟ್ಟಿದ ಹಬ್ಬ ಎಲ್ಲ ಬೇಕಾಯ್ತೇನಯ್ಯ?"

"ಗೊತ್ತಿತ್ತಾ ಸಾರ್?"

"ಮೂವತ್ತೊಂದು ವರ್ಷ ನಿಮ್ಮ ಮುಖ ನೋಡಿದೀನಿ. ನಾನು ಬಿಟ್ರೆ ನಿಮಗೆಲ್ಲ ಬೇಜಾರಾಗುತ್ತೆ ಅಂತ ನಾನು ಸುಮ್ನಿದ್ದೆ. ಹೇಳಿದ್ರೆ ನನಗೆ ಬೇಜಾರಾಗುತ್ತೆ ಅಂತ ನೀವು ಸುಮ್ನಿದ್ರಿ."

ಒಳಗೆ ಬಂದು ನೋಟ್‌ಬುಕ್ಕಿನ ಹಾಳೆ ಹರಿದು, ದುಂಡನೆಯ ಅಕ್ಷರದಲ್ಲಿ ಮೂರು ಸಾಲು ಬರೆದು ಸಹಿ ಹಾಕಿದರು. ಕೆಂಚಮ್ಮ ದೇವರಿಗೆ ದೀಪ ಹಚ್ಚಿದರು.

ಕಾಗದವನ್ನು ಎದೆಗೊತ್ತಿಕೊಂಡು ರೇಣುಕಯ್ಯ ಹೋಟೆಲು ತಲುಪಿದಾಗ ಮೂರು ಗಂಟೆ. ಎರಡು ಲೋಟ ಒಡೆದಿದ್ದವು, ಅನಿಲನ ಅಂಗಿಯ ಜೇಬು ಕಿತ್ತುಹೋಗಿತ್ತು. ಆದರೆ ಎಲ್ಲರ ಕಣ್ಣೂ ಒದ್ದೆಯಾಗಿದ್ದವು.

"ಬಾ ರೇಣುಕ," ಅಂದರು ದೊಡ್ಡರಂಗಪ್ಪ, ಮೂಗು ಒರೆಸಿಕೊಳ್ಳುತ್ತ. "ಕೂಗಾಡಿ ಕೂಗಾಡಿ ಸಾಕಾದ ಮೇಲೆ ಗೊತ್ತಾಯ್ತು. ಇವನು ಆದ್ರೆ ನಾನು ಮೈದಾನಕ್ಕೆ ಕಾಲಿಡಲ್ಲ, ನಾನಾದ್ರೆ ಇವನು ಬರಲ್ಲ. ಆ ಬಾವ ಬಂದ್ರೆ ಇಬ್ಬರೂ ಬರಲ್ಲ. ಮೇಷ್ಟ್ರು ಇರೋವರ್ಗೂ ಮೇಷ್ಟ್ರೇ. ಒಮ್ಮತದ ತೀರ್ಮಾನ!"

"ಪುಣ್ಯಕ್ಕೆ ನೀನು ಇನ್ನೂ ಹೇಳಿರಲ್ಲ ಬುಡು," ಅಂದ ಅನಿಲ್. "ನಿನ್ ಕೈಲಿ ಅದು ಆಗೋ ಮಾತಲ್ಲ."

ರೇಣುಕಯ್ಯ ಕಾಗದ ಮೇಜಿನ ಮೇಲಿಟ್ಟ.

ಅವರು ಓದಿದರು. ಮತ್ತೆ ಓದಿದರು. ಆಮೇಲೆ ಇಡೀ ಹೋಟೆಲು ಅವನ ಮೇಲೆ ಬಿತ್ತು.

"ಎಂಥ ಕಲ್ಲು ಮನಸ್ಸಯ್ಯ ನಿಂದು!"

"ನೀವೇ ಕಳಿಸಿದ್ದು ಕಣ್ರಪ್ಪಾ!"

"ಕಳಿಸಿದ್ರೆ ಹೋಗ್ಬುಡೋದಾ? ಹಿರಿಯರಿಗೆ ಹಂಗೆ ಹೇಳ್ಬುಡೋದಾ?" ಅಂದಳು ಓಬಳಮ್ಮನೂ. "ಮೊದ್ಲು ಹೋಗಿ ವಾಪಸ್ ಕೊಟ್ಬುಟ್ಟು ಬಾ!"

ರೇಣುಕಯ್ಯ ಮತ್ತೆ ಓಡಿದ. ಮೇಷ್ಟ್ರ ಮನೆಯ ಮುಂದೆ ಒಂದು ಕಾರು ನಿಂತಿತ್ತು. ಮನೆಯೊಳಗೆ ಶಿರಾ ಕ್ಲಬ್ಬಿನ ಕಾರ್ಯದರ್ಶಿ ಬಾಬಾಜಾನ್ ಕೇಸರಿಬಾತು ತಿನ್ನುತ್ತಿದ್ದರು.

"ಅರೆ, ಬನ್ನಿ ಭಾಯ್! ನಿಮಗೇ ಶುಕ್ರಿಯಾ ಹೇಳಬೇಕಿತ್ತು!"

"ಮೂರು ವರ್ಷದಿಂದ ಕರೀತಾನೇ ಇದ್ರು ಕಣಯ್ಯ," ಅಂದರು ಮೇಷ್ಟ್ರು, ಸ್ವಲ್ಪ ನಾಚಿಕೊಂಡು. "ನಿಮ್ಮನ್ನ ಬಿಟ್ಟು ಹೆಂಗೆ ಬರೋದು ಅಂತಿದ್ದೆ. ನೀನು ಬಿಡಿಸಿದ್ಯಲ್ಲ, ಫೋನ್ ಮಾಡಿದೆ. ಇಲ್ಲೇ ಮಧುಗಿರೀಲಿದ್ರಂತೆ, ಬಂದೇಬಿಟ್ರು. ಮುಂದಿನ ಭಾನುವಾರದಿಂದಲೇ ನಾನು ಶಿರಾ ಮ್ಯಾನೇಜರ್."

"ಸಾರ್, ನಿಮ್ ಮಂಡಿ..."

"ಅಲ್ಲಿ ಕುರ್ಚಿ ಹಾಕ್ತಾರಂತೆ."

"ಕುರ್ಚೀನಾ ಸಾರ್?"

"ಕೈ ಇರೋದು," ಅಂದರು ಮೇಷ್ಟ್ರು.

ರೇಣುಕಯ್ಯನ ಕೈಯಲ್ಲಿದ್ದ ಕಾಗದ ಕೈಯಲ್ಲೇ ಉಳಿಯಿತು. ಮೂವತ್ತೊಂದು ವರ್ಷ. ಮಧುಗಿರಿಯಲ್ಲಿ ಒಬ್ಬರಿಗೂ, ಅವನಿಗೂ, ಒಂದು ಕುರ್ಚಿ ಹಾಕುವುದು ತೋಚಿರಲಿಲ್ಲ. ಬಗ್ಗಿ ಮೇಷ್ಟ್ರ ಕಾಲು ಮುಟ್ಟಿ ಹೊರಗೆ ಬಂದ.

ಹೋಟೆಲಿನಲ್ಲಿ ಕುರ್ಚಿಯ ವಿಷಯ ಹೇಳಿದಾಗ, ಕೂತಿದ್ದವರೆಲ್ಲ ಯಾಕೋ ಎದ್ದು ನಿಂತರು. ಆಮೇಲೆ ನರಸಿಂಹರಾಜು ಗಂಟಲು ಸರಿಮಾಡಿಕೊಂಡ. "ಮೇಷ್ಟ್ರನ್ನ ಪೋಗೊಟ್ಟಿಂದಿ ನುವ್ವೇ, ನೋಡ್ಕೋಬೇಕಾದ್ದೂ ನುವ್ವೇ. ಮ್ಯಾನೇಜರ್ ರೇಣುಕಯ್ಯಾನೇ."

"ಕಳ್ಕೊಂಡೋನೇ ನೋಡ್ಕಳ್ಳಿ," ಅಂದರು ದೊಡ್ಡರಂಗಪ್ಪ. ಅನಿಲನೂ ಕೈ ಎತ್ತಿದ. ಬೆಳಗ್ಗಿನಿಂದ ಜಗಳವಿಲ್ಲದೆ ಮುಗಿದ ಮಾತು ಅದೊಂದೇ. ಬೇಡ ಎನ್ನಲು ರೇಣುಕಯ್ಯ ಬಾಯಿ ತೆರೆದ. ಓಬಳಮ್ಮ ಅದಕ್ಕೆ ಸಕ್ಕರೆ ಹಾಕಿದಳು.

ಮುಸ್ಸಂಜೆಯಲ್ಲಿ ಮನೆಯ ಕಡೆ ಹೆಜ್ಜೆ ಎಳೆಯುತ್ತಿದ್ದಾಗ ಫೋನು ಬಂತು. ಮೇಷ್ಟ್ರು.

"ನೀನಂತಲ್ಲಯ್ಯ ಮ್ಯಾನೇಜರು! ದಾಸಮ್ಮ ಬಂದು ಹೇಳಿದ್ಲು. ಹೆದರಬೇಡ. ಶಿರಾ ಹುಡುಗ್ರು ಯಾವಾಗ್ಲೂ ನಿಮ್ಮ ಎಡಗಡೆಯಿಂದ ನುಗ್ತಾರೆ. ನಿನ್ನ ಗಟ್ಟಿ ಆಳುಗಳನ್ನೆಲ್ಲ ಎಡಕ್ಕೆ ನಿಲ್ಲಿಸು, ಗೊತ್ತಾಯ್ತಾ?"

"ಆಯ್ತು ಸಾರ್," ಅಂದ ರೇಣುಕಯ್ಯ. ಕಣ್ಣು ತುಂಬಿ ಬಂತು. ಕ್ಲಬ್ಬು ಬಿಟ್ಟರೂ ತನ್ನ ಶಿಷ್ಯನ ಕೈ ಬಿಡಲಿಲ್ಲವಲ್ಲ, ಎಂಥ ಮನುಷ್ಯ! ಕಣ್ಣೊರೆಸಿಕೊಂಡು ಹಗುರವಾಗಿ ನಾಲ್ಕು ಹೆಜ್ಜೆ ನಡೆದ.

ಐದನೆಯ ಹೆಜ್ಜೆಗೆ ರಸ್ತೆಯ ನಡುವೆ ಹಾಗೇ ನಿಂತುಬಿಟ್ಟ. ಎಲ್ಲರನ್ನೂ ಎಡಕ್ಕೆ ನಿಲ್ಲಿಸು ಅಂತ ಈಗ ಫೋನು ಮಾಡಿದ್ದು ಶಿರಾದ ಮ್ಯಾನೇಜರು.